ನೋವಲ್ಲ, ಉರಿ

ಮೊನ್ನೆ ಗಂಗೊಳ್ಳಿ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಕಿವಿಗೆ ಬಿದ್ದ ಮಾತಿದು. ಮೀನು ಮಾರುವ ಹಿರಿಯ ಹೆಂಗಸೊಬ್ಬರು ಹೇಳಿದರು: ‘ನೋವಲ್ಲ ಡಾಕ್ಟ್ರೇ, ಉರಿ. ರಾತ್ರಿಯಾರೆ ಅಂಗಾಲ್ ಉರಿತಾ ಇತ್ತ್.’ ಜೊತೆಗಿದ್ದ ಸೊಸೆ ಕೂಡಲೇ ತಿದ್ದಿದಳು: ‘ಅತ್ತೆಗೆ ಲೆಗ್ ಪೇನ್ ಸಾರ್, ಶುಗರ್ ಇತ್ತ್.’ ಆಮೇಲೆ ಮಾತೆಲ್ಲ ಪೇನಿನ ಮೇಲೆಯೇ ನಡೆಯಿತು. ಉರಿ ಅಲ್ಲೇ ಬಿದ್ದುಹೋಯಿತು.

ಹಾಗೆ ಬೀಳಿಸುವ ಮಾತಲ್ಲ ಅದು. ಒಲೆ ಉರಿಯುತ್ತದೆ, ಮೆಣಸು ಮುಟ್ಟಿದ ಕೈಯೂ ಉರಿಯುತ್ತದೆ. ಎರಡನೆಯದನ್ನು ಅಲಂಕಾರವೆಂದುಕೊಂಡವರೇ ಹೆಚ್ಚು. ಆದರೆ ನರಕ್ಕೆ ಎರಡೂ ಒಂದೇ. ಅಮೆರಿಕದ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ನರದ ತುದಿಯ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ ಅದೇ ಗ್ರಾಹಕ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಕಾಳುಮೆಣಸಿನ ಪೈಪರಿನ್‌ಗೂ ತೆರೆದುಕೊಳ್ಳುತ್ತದೆ. ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೆಣಸಿನಕಾಯಿಯನ್ನು ತಂದವರು ಪೋರ್ಚುಗೀಸರು. ಕಾಳುಮೆಣಸು ಮೊದಲಿನಿಂದಲೂ ನಮ್ಮ ಘಟ್ಟದ್ದು. ಉರಿ ಎಂಬುದು ಒಲೆ, ನಾಲಗೆ, ಗಾಯ ಮೂರಕ್ಕೂ ಒಟ್ಟಿಗೇ ಹುಟ್ಟಿದ ಮಾತೆಂದು ನನ್ನ ಗಟ್ಟಿ ನಂಬಿಕೆ. ಆಮೇಲೆ ಬಂದ ಕಾಯಿ ಕಾಳಿನ ಹೆಸರಿನೊಡನೆ ಅದರ ಉರಿಯನ್ನೂ ಪಡೆದುಕೊಂಡಿತು.

‘ಗಾಯದ ಮೇಲೆ ಬರೆ ಎಳೆದಂತೆ’ ಎನ್ನುತ್ತೇವೆ. ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ತಲೆಬರಹಕ್ಕೆ ಎಳೆತಂದು ಈ ಮಾತನ್ನು ಸವೆಸಿಬಿಟ್ಟಿದ್ದಾರೆ. ಆದರೆ ಇದನ್ನು ಮೊದಲು ಆಡಿದವರು ಚರ್ಮವನ್ನು ಚೆನ್ನಾಗಿ ಬಲ್ಲವರು. ಬಲೆಯ ಹಗ್ಗ ಉಜ್ಜಿ ಅಂಗೈ ತರಚಿದವರನ್ನು ಕೇಳಿ: ಮೊದಲು ಚುರುಕ್ ಎನ್ನುತ್ತದೆ, ಉರಿ ಆಮೇಲೆ ಬರುತ್ತದೆ. ಚುರುಕ್ಕನ್ನು ಒಯ್ಯುವ ನರತಂತುಗಳು ಬೇರೆ, ಅವುಗಳ ವೇಗ ಹೆಚ್ಚು; ಉರಿಯನ್ನು ಒಯ್ಯುವ ತೆಳು ತಂತುಗಳದು ಸೆಕೆಂಡಿಗೆ ಹೆಚ್ಚೆಂದರೆ ಎರಡು ಮೀಟರ್. ಸ್ವಲ್ಪ ಹೊತ್ತಿನ ಮೇಲೆ ಗಾಯದಲ್ಲಿ ಪ್ರೊಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಒಸರುತ್ತವೆ. ಅವು ಆ ಗ್ರಾಹಕವನ್ನು ಎಷ್ಟು ಸೂಕ್ಷ್ಮ ಮಾಡುತ್ತವೆಂದರೆ, ತರಚಿದ ಕೈಗೆ ಉಗುರುಬೆಚ್ಚಗಿನ ನೀರೂ ಕುದಿನೀರಿನಂತೆ ಆಗುತ್ತದೆ. ಗಾಯವಾದಲ್ಲಿ ಬರೆ ಎಳೆದರೆ ಒಂದರ ಮೇಲೊಂದಲ್ಲ, ಹಲವು ಪಟ್ಟು. ಗಾದೆಯ ತೂಕ ಇರುವುದು ಇಲ್ಲಿ.

ಆ ತಾಯಿಯ ಅಂಗಾಲಿನಲ್ಲಿ ಗಾಯವಿಲ್ಲ, ಬೆಂಕಿಯಿಲ್ಲ. ಸಕ್ಕರೆ ಕಾಯಿಲೆ ತೆಳು ನರಗಳನ್ನೇ ಕೆಡಿಸಿದಾಗ ಅವು ಕಾರಣವಿಲ್ಲದೆ ಉರಿಯನ್ನು ವರದಿ ಮಾಡತೊಡಗುತ್ತವೆ. ಹಗಲು ವ್ಯಾಪಾರದ ಗದ್ದಲದಲ್ಲಿ ಮಿದುಳು ಬೆನ್ನುಹುರಿಗೆ ಸಂದೇಶ ಕಳಿಸಿ ಆ ವರದಿಯನ್ನು ಅದುಮಿಡಬಲ್ಲದು. ರಾತ್ರಿ ಮನಸ್ಸಿಗೆ ಬೇರೆ ಕೆಲಸವಿಲ್ಲದಾಗ ಉರಿ ಏಳುತ್ತದೆ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಇದರ ಮದ್ದೇ ಬೇರೆ. ಆದ್ದರಿಂದಲೇ ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಪದಗಳ ಪ್ರಶ್ನಾವಳಿ ಪ್ರಕಟಿಸಿದರು. ನಾವೋ, ಇದ್ದ ಪದಗಳನ್ನೆಲ್ಲ ಒಂದು ‘ಪೇನ್’ಗೆ ಒತ್ತೆಯಿಟ್ಟಿದ್ದೇವೆ.

ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರಲ್ಲಿ ಒಂದು ವಿನಂತಿ. ಅವರು ಉರಿ ಎಂದರೆ ಉರಿ ಎಂದೇ ಹೇಳಿ. ಸೆಳೆತ, ಚಳುಕು, ಜುಮ್ಮು ಎಂದರೂ ಹಾಗೆಯೇ. ತಿದ್ದಬೇಡಿ. ಡಾಕ್ಟರು ಕೇಳಬೇಕಾದದ್ದು ಆ ಮಾತನ್ನೇ.