ಡೋರಿ ಹಳ್ಳದಲ್ಲಿ ಬಿದ್ದ ಬಲೆ

ಸಂಗೊಳ್ಳಿ ರಾಯಣ್ಣ ಕಂಪನಿ ಸರಕಾರಕ್ಕೆ ಸೆರೆ ಸಿಕ್ಕಿದ್ದು 1830ರ ಏಪ್ರಿಲ್‌ನಲ್ಲಿ. ಮೂರು ತಿಂಗಳು ಬೆನ್ನಟ್ಟಿದ ಪಡೆಗಳ ಕೈಗೆ ಸಿಗದವನನ್ನು ಹಿಡಿದುಕೊಟ್ಟವರು ಬಂಟರ ಸೋಗಿನಲ್ಲಿ ಅವನ ದಂಡಿಗೆ ಸೇರಿದ್ದ ಊರಗೌಡರು.

ರಾಯಣ್ಣನ ಬಂಡಾಯದ ಬೇರು ಕಿತ್ತೂರು ಸಂಸ್ಥಾನದಲ್ಲಿತ್ತು. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತುಮಗ ಶಿವಲಿಂಗಪ್ಪನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಕದನದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಮುಚ್ಚಿದಳು.

ಸಂಸ್ಥಾನದ ಜೊತೆಗೆ ಅದನ್ನು ನಂಬಿದ್ದ ಶೇತಸನದಿಗಳ ಬದುಕೂ ಅಲುಗಾಡಿತು. ಕಾವಲು ಚಾಕರಿಗೆಂದು ಸನದಿನ ಮೇಲೆ ಹೊಲ ಪಡೆದವರು ಇವರು. ರಾಯಣ್ಣನ ಮನೆತನವೂ ಇಂಥದ್ದೇ. ಬಾಕಿ ಕಂದಾಯಕ್ಕಾಗಿ ಕುಲಕರ್ಣಿ ಅವನ ತಾಯಿ ಕೆಂಚಮ್ಮನ ಬೆನ್ನ ಮೇಲೆ ಕಲ್ಲು ಹೇರಿ ಬಿಸಿಲಲ್ಲಿ ನಿಲ್ಲಿಸಿದನೆಂದು ಜನಪದರು ಹೇಳುತ್ತಾರೆ.

1830ರ ಜನವರಿಯಲ್ಲಿ ರಾಯಣ್ಣನ ದಂಡು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಖಾನಾಪುರ, ನಂದಗಡ, ಸಂಪಗಾವಿಗಳಲ್ಲೂ ದಾಳಿ ನಡೆಯಿತು. ಶಿವಲಿಂಗಪ್ಪನನ್ನು ಗಾದಿಗೆ ತರುವುದು ಗುರಿ. ಸಾಲದ ಚೀಟಿ, ಕಂದಾಯದ ಕಡತಗಳು ಸುಟ್ಟುಹೋದದ್ದರಿಂದ ಬಡ ಒಕ್ಕಲಿಗರು ಅವನ ಕಡೆ ನಿಂತರು.

ನೆಲವೂ ನೆರವಾಯಿತು. ಹಂಡಿಬಡಗನಾಥದ ಗುಡ್ಡ, ಅಳ್ನಾವರದ ಕಾಡು, ಹಳಿಯಾಳ–ಸೂಪಾದ ಅಡವಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಆಡಳಿತ ಮಾತ್ರ ಹರಿದಿತ್ತು: ಬೀಡಿ, ಖಾನಾಪುರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು, ಹಳಿಯಾಳ, ಸೂಪಾ ಮದ್ರಾಸು ಪ್ರಾಂತದ ಕೆನರಾದವು. ಈ ಭಾಗದ ಸಿದ್ದಿಗಳು ಗಜವೀರನೆಂಬ ತಮ್ಮವನು ರಾಯಣ್ಣನ ಬಲಗೈಯಾಗಿದ್ದನೆಂದು ಇಂದಿಗೂ ನೆನೆಯುತ್ತಾರೆ.

ಕಾಡಿನಲ್ಲಿದ್ದ ದಂಡಿಗೆ ರೊಟ್ಟಿ, ಸುದ್ದಿ, ಹೊಸ ಆಳು ಎಲ್ಲವೂ ಹಳ್ಳಿಗಳಿಂದಲೇ ಬರಬೇಕಿತ್ತು. ಬಂದವರನ್ನೆಲ್ಲ ಶಂಕಿಸಿದರೆ ದಂಡು ಬೆಳೆಯುವಂತಿರಲಿಲ್ಲ. ಸರಕಾರ ಬಳಸಿಕೊಂಡದ್ದು ಈ ದೌರ್ಬಲ್ಯವನ್ನೇ. ಖೋದಾನಪುರ ಮತ್ತು ನೇಗಿನಹಾಳದ ಗೌಡರು ತಮ್ಮ ಜನರೊಂದಿಗೆ ರಾಯಣ್ಣನ ಪಕ್ಷ ಸೇರಿದಂತೆ ನಟಿಸಿ ಅವನ ನಂಬಿಕೆ ಗಳಿಸಿದರು. ಊರಗೌಡರೇ ಬೆನ್ನಿಗೆ ನಿಂತರೆ ಊರೇ ನಿಂತಂತೆ ಎಂಬ ಕಾಲ ಅದು.

ಅಳ್ನಾವರದ ಕಡೆಯ ಡೋರಿ ಹಳ್ಳದಲ್ಲಿ ರಾಯಣ್ಣ ಜಳಕಕ್ಕೆ ಇಳಿದಾಗ ಬಲೆ ಬಿಗಿಯಿತು. ಕತ್ತಿ ದಂಡೆಯಲ್ಲಿದ್ದವರ ವಶದಲ್ಲಿತ್ತು. ಅವನು ಕೇಳಿದಾಗ ಕೊಡದೆ, ಬರಿಗೈಯವನ ಮೇಲೆ ಮುಗಿಬಿದ್ದು ಕಟ್ಟಿದರೆಂದು ಲಾವಣಿಗಳು ಹಾಡುತ್ತವೆ.

ವಿಚಾರಣೆಯಲ್ಲಿ ಮರಣದಂಡನೆ ಹೊರಬಿತ್ತು. 1831ರ ಜನವರಿ 26ರಂದು, ಹಳಿಯಾಳದ ವಾಯವ್ಯಕ್ಕಿರುವ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಸಂಗಡಿಗರಲ್ಲಿ ಕೆಲವರಿಗೆ ಗಲ್ಲು, ಕೆಲವರಿಗೆ ಕರಿನೀರಿನ ಶಿಕ್ಷೆಯಾಯಿತು.

ನಂದಗಡದ ಸಮಾಧಿಯ ಬಳಿಯ ಆಲದ ಮರವನ್ನು ನೆಟ್ಟವನು ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ಎಂಬ ಪ್ರತೀತಿಯಿದೆ. ಮಕ್ಕಳಿಲ್ಲದವರು ಆ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ರಾಯಣ್ಣನಂಥ ಮಗ ಹುಟ್ಟಲೆಂಬುದು ಆ ಹರಕೆ.