ವಾಯುವಿನ ಗುರುತ್ವವಿಚಾರ

ಗುರುತ್ವವು ಪೃಥಿವೀ ಜಲಗಳೆರಡರಲ್ಲಿಯೇ ಇರುವುದೆಂದೂ ವಾಯುವಿನಲ್ಲಿ ಇಲ್ಲವೆಂದೂ ವೈಶೇಷಿಕರ ಸಿದ್ಧಾಂತ. ಪಾಠಶಾಲೆಗಳಲ್ಲಿ ಬಾಲಕರಿಗೆ ಓದಿಸುವ ಅನ್ನಂಭಟ್ಟನ ತರ್ಕಸಂಗ್ರಹವೂ ಇದನ್ನೇ ಹೇಳುತ್ತದೆ. ಆ ಗ್ರಂಥವು ಹುಟ್ಟಿದ 17ನೆಯ ಶತಮಾನದಲ್ಲಿಯೇ ಯೂರೋಪಿನಲ್ಲಿ ಈ ಮತಕ್ಕೆ ಬಾಧಕವಾದ ಪರೀಕ್ಷೆಯೊಂದು ನಡೆಯಿತು. ಇವೆರಡನ್ನೂ ಒಟ್ಟಿಗಿಟ್ಟು ವಿಚಾರಿಸುವುದು ಉಚಿತವಾಗಿದೆ.

ಪ್ರಾಚೀನರು ಯುಕ್ತಿಯಿಲ್ಲದೆ ಹೀಗೆ ನುಡಿದವರಲ್ಲ. ಗುರುತ್ವವು ಅತೀಂದ್ರಿಯವಾದುದು, ಪತನವೆಂಬ ಕಾರ್ಯದಿಂದ ಅದನ್ನು ಅನುಮಾನಿಸಬೇಕು. ಕಲ್ಲೂ ನೀರೂ ಬೀಳುತ್ತವೆ; ವಾಯುವಾದರೋ ಅಡ್ಡಲಾಗಿ ಚಲಿಸುವುದೇ ಹೊರತು ಬೀಳುವುದು ಕಾಣದು. ಆದರೆ ನಾವು ಗಾಳಿಯ ಕಡಲಿನ ತಳದಲ್ಲಿಯೇ ಇದ್ದೇವೆ. ಅದರ ಒತ್ತಡವು ಎಲ್ಲ ಕಡೆಯಿಂದಲೂ ಸಮನಾಗಿರುವುದರಿಂದ ನಮಗೆ ತಿಳಿಯದು.

ಪಾದರಸ ತುಂಬಿದ ನಳಿಕೆಯನ್ನು ಪಾದರಸದ ಬಟ್ಟಲಿನಲ್ಲಿ ಬೋರಲಿಟ್ಟರೆ ರಸವು ಸುಮಾರು 76 ಸೆಂಟಿಮೀಟರು ಎತ್ತರ ನಿಲ್ಲುವುದಕ್ಕೆ ಹೊರಗಣ ಗಾಳಿಯ ಭಾರವೇ ಕಾರಣವೆಂದು ಇಟಲಿಯ ತೊರಿಚೆಲ್ಲಿಯು 1644ರಲ್ಲಿ ಬರೆದನು. ಹಾಗಿದ್ದರೆ ಬೆಟ್ಟದ ಮೇಲೆ ರಸವು ಇಳಿಯಬೇಕಷ್ಟೆ! ಫ್ರಾನ್ಸಿನ ಪಾಸ್ಕಲನ ಸೂಚನೆಯಂತೆ ಅವನ ಭಾವ ಪೆರಿಯೇ ಎಂಬವನು 1648ರ ಸೆಪ್ಟೆಂಬರು 19ರಂದು ಪ್ಯೂಯಿ ದ ದೋಮ್ ಎಂಬ ಬೆಟ್ಟವನ್ನು ಏರಿದನು. ಶಿಖರದಲ್ಲಿ ರಸವು ಸುಮಾರು 8.5 ಸೆಂಟಿಮೀಟರು ಇಳಿದಿತ್ತು. ಬುಡದ ಮಠದಲ್ಲಿ ಕಾವಲಿಟ್ಟಿದ್ದ ಇನ್ನೊಂದು ನಳಿಕೆಯಲ್ಲಿ ಇಳಿಯಲಿಲ್ಲ. ನಮ್ಮ ನೈಯಾಯಿಕರು ಅನ್ವಯವ್ಯತಿರೇಕವೆಂದು ಕರೆಯುವುದು ಇದನ್ನೇ ಅಲ್ಲವೇ?

ಕಾರಣವನ್ನು ರಾಯಚೂರಿನಲ್ಲಿಯೇ ತೋರಿಸಬಹುದು. ಅಲ್ಲಿಯ ಕೋಟೆಯ ಗೋಡೆಯಲ್ಲಿ ಶಕ 1216ರ (ಕ್ರಿ.ಶ. 1294) ಶಾಸನವುಳ್ಳ 41 ಅಡಿ ಉದ್ದದ ಶಿಲೆಯಿದೆ. ಗೋಡೆಯಲ್ಲಿ ಕೆಳವರಸೆಯ ಕಲ್ಲು ಮೇಲಿನವೆಲ್ಲವನ್ನೂ ಹೊರುವುದು. ಮೇಲುಮೇಲಕ್ಕೆ ಹೋದಂತೆ ಹೊರೆ ಕಡಮೆ. ಗಾಳಿಯ ಸ್ಥಿತಿಯೂ ಹೀಗೆಯೇ. ಆದರೆ ಕಲ್ಲು ಕುಗ್ಗದು, ಗಾಳಿ ಕುಗ್ಗುವುದು. ಆ ಊರಿನ ಪೇಟೆಯ ಹತ್ತಿಯ ರಾಶಿಯಲ್ಲಿ ಅಡಿಯ ಹತ್ತಿಯು ಅದುಮಿ ದಟ್ಟವಾಗಿರುವಂತೆ ನೆಲದ ಗಾಳಿಯು ದಟ್ಟ, ಮೇಲಿನದು ವಿರಳ. ಆದುದರಿಂದ ಒತ್ತಡವು ನೆಲದ ಬಳಿಯಲ್ಲಿ ಬೇಗನೆಯೂ ಮೇಲೆ ನಿಧಾನವಾಗಿಯೂ ಇಳಿಯುತ್ತದೆ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರು ಎತ್ತರದಲ್ಲಿರುವುದರಿಂದ, ಕಡಲತೀರದಲ್ಲಿ 76 ಸೆಂಟಿಮೀಟರು ನಿಲ್ಲುವ ರಸವು ಅಲ್ಲಿ ಸುಮಾರು 72.5 ಸೆಂಟಿಮೀಟರು ಮಾತ್ರ ನಿಲ್ಲುವುದು.

ವಾಯುವಿಗೆ ಭಾರವನ್ನು ಹೇಳಿದರೆ ದಾಸಸಾಹಿತ್ಯಕ್ಕೆ ವಿರೋಧವಾಗುವುದೆಂಬ ಶಂಕೆ ಬೇಡ. ಮಾನವಿಯ ಜಗನ್ನಾಥದಾಸರೂ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರೂ ಜೀವೋತ್ತಮನೆಂದು ನಂಬಿದ ವಾಯುವು ಅಭಿಮಾನಿದೇವತೆ. ನಳಿಕೆಯ ರಸವನ್ನು ಎತ್ತಿ ನಿಲ್ಲಿಸುವುದು ಭೂತವಾಯು. ತರ್ಕಸಂಗ್ರಹದ ಆ ವಾಕ್ಯವನ್ನು ಪಾಠ ಹೇಳುವ ಅಧ್ಯಾಪಕರು, ಪತನದಿಂದ ಗುರುತ್ವವನ್ನು ಊಹಿಸುವ ಕ್ರಮವನ್ನು ವಿವರಿಸಿದ ಮೇಲೆ, 1648ರ ಈ ಪರೀಕ್ಷೆಯನ್ನೂ ಶಿಷ್ಯರಿಗೆ ತಿಳಿಸುವುದು ಯುಕ್ತವು. ಕಾರ್ಯದಿಂದ ಕಾರಣವನ್ನು ಅರಿಯಬೇಕೆಂಬ ಶಾಸ್ತ್ರದ ನಿಯಮವು ಅದರಿಂದ ಕೆಡುವುದಿಲ್ಲ. ಅದೇ ನಿಯಮದಿಂದಲೇ ವಾಯುವಿನ ಗುರುತ್ವವು ಸಿದ್ಧವಾಗುವುದು.