ವರ್ಚುವಲ್ ಸರೌಂಡ್ ಸೌಂಡ್

ವರ್ಚುವಲ್ ಸರೌಂಡ್ ಸೌಂಡ್ ಎಂಬುದು ಕೇಳುಗನ ಸುತ್ತ ಹಲವು ಧ್ವನಿವರ್ಧಕಗಳನ್ನು ಇರಿಸದೆ, ಎರಡೇ ಧ್ವನಿಮೂಲಗಳಿಂದ ಎಲ್ಲ ದಿಕ್ಕುಗಳಿಂದಲೂ ಶಬ್ದ ಬರುತ್ತಿರುವ ಅನುಭವವನ್ನು ಉಂಟುಮಾಡುವ ಧ್ವನಿಸಂಸ್ಕರಣಾ ತಂತ್ರ. ವಿಡಿಯೊ ಗೇಮ್‌ಗಳಿಗೆಂದು ತಯಾರಾಗುವ ಹೆಡ್‌ಸೆಟ್‌ಗಳಲ್ಲಿ, ಅದರಲ್ಲೂ ಹೆಚ್ಚಿನ ಬೆಲೆಯ ನಿಸ್ತಂತು ಹೆಡ್‌ಸೆಟ್‌ಗಳಲ್ಲಿ, ಇದನ್ನು ಮುಖ್ಯ ವೈಶಿಷ್ಟ್ಯವೆಂದು ಪ್ರಚಾರ ಮಾಡಲಾಗುತ್ತದೆ. ಇದರ ಉಪಯುಕ್ತತೆಯ ಬಗ್ಗೆ ಬಳಕೆದಾರರಲ್ಲಿಯೂ ವಿಮರ್ಶಕರಲ್ಲಿಯೂ ಒಮ್ಮತವಿಲ್ಲ. ಒಂದೇ ಉಪಕರಣವನ್ನು ಒಬ್ಬರು ಮೆಚ್ಚಿ ಇನ್ನೊಬ್ಬರು ತಳ್ಳಿಹಾಕುವುದಕ್ಕೆ ಅಭಿರುಚಿಯಷ್ಟೇ ಅಲ್ಲದೆ ಕಿವಿಯ ರಚನೆಯೂ ಕಾರಣವಾಗಿದೆ.

ದಿಕ್ಕನ್ನು ಗುರುತಿಸುವ ಬಗೆ

ಮನುಷ್ಯನು ಎರಡೇ ಕಿವಿಗಳಿಂದ ಶಬ್ದದ ದಿಕ್ಕನ್ನು ಗುರುತಿಸುತ್ತಾನೆ. ಎಡಬದಿಯಿಂದ ಬಂದ ಶಬ್ದವು ಎಡಗಿವಿಯನ್ನು ಮೊದಲು ತಲುಪಿ, ಬಲಗಿವಿಯನ್ನು ಸ್ವಲ್ಪ ತಡವಾಗಿ ಮುಟ್ಟುತ್ತದೆ. ಈ ಅಂತರ ಹೆಚ್ಚೆಂದರೆ ಸುಮಾರು 0.6ರಿಂದ 0.7 ಮಿಲಿಸೆಕೆಂಡ್. ಹೆಚ್ಚಿನ ಆವರ್ತನದ ಶಬ್ದಗಳಿಗೆ ತಲೆಯೇ ಅಡ್ಡವಾಗುವುದರಿಂದ ದೂರದ ಕಿವಿಗೆ ಅವು ಕ್ಷೀಣವಾಗಿ ಕೇಳಿಸುತ್ತವೆ. ಕಾಲದ ವ್ಯತ್ಯಾಸ ಮತ್ತು ತೀವ್ರತೆಯ ವ್ಯತ್ಯಾಸಗಳನ್ನು ಆಧರಿಸಿದ ಈ ವಿವರಣೆಯನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲಿ ಮಂಡಿಸಿದರು.

ಎಡ-ಬಲಗಳನ್ನು ತಿಳಿಯಲು ಈ ಎರಡು ಸುಳಿವುಗಳು ಸಾಕು. ಮುಂದೆ-ಹಿಂದೆ, ಮೇಲೆ-ಕೆಳಗೆ ಎಂಬುದನ್ನು ತಿಳಿಯಲು ಸಾಲವು. ನೇರ ಮುಂದಿನ ಶಬ್ದವೂ ನೇರ ಹಿಂದಿನ ಶಬ್ದವೂ ಎರಡು ಕಿವಿಗಳನ್ನು ಏಕಕಾಲದಲ್ಲಿ ತಲುಪುತ್ತವೆ. ಇಲ್ಲಿ ನೆರವಾಗುವುದು ಕಿವಿಯ ಹೊರಹಾಲೆ. ಅದರ ಮಡಿಕೆಗಳು ಶಬ್ದವು ಬರುವ ದಿಕ್ಕಿಗೆ ಅನುಗುಣವಾಗಿ ಕೆಲವು ಆವರ್ತನಗಳನ್ನು ಹಿಗ್ಗಿಸಿ ಕೆಲವನ್ನು ಕುಗ್ಗಿಸುತ್ತವೆ. ಮಿದುಳು ಬಾಲ್ಯದಿಂದಲೂ ತನ್ನದೇ ಕಿವಿಯ ಈ ಗುರುತುಗಳನ್ನು ಕಲಿತಿರುತ್ತದೆ. ಜೊತೆಗೆ, ಸಂದೇಹ ಬಂದಾಗ ತಲೆಯನ್ನು ತುಸು ತಿರುಗಿಸುವುದರಿಂದಲೂ ದಿಕ್ಕು ಸ್ಪಷ್ಟವಾಗುತ್ತದೆ.

ಕಾರ್ಯವಿಧಾನ

ಒಂದು ನಿರ್ದಿಷ್ಟ ದಿಕ್ಕಿನ ಶಬ್ದವನ್ನು ತಲೆ, ಭುಜ ಮತ್ತು ಕಿವಿಯ ಹಾಲೆಗಳು ಹೇಗೆ ಮಾರ್ಪಡಿಸುತ್ತವೆ ಎಂಬುದರ ಗಣಿತರೂಪಕ್ಕೆ ಹೆಡ್ ರಿಲೇಟೆಡ್ ಟ್ರಾನ್ಸ್‌ಫರ್ ಫಂಕ್ಷನ್, ಸಂಕ್ಷಿಪ್ತವಾಗಿ ಎಚ್‌ಆರ್‌ಟಿಎಫ್ ಎಂದು ಹೆಸರು. ಕಿವಿಯ ದ್ವಾರದಲ್ಲಿ ಪುಟ್ಟ ಮೈಕ್ರೊಫೋನ್ ಇರಿಸಿ ಹಲವು ದಿಕ್ಕುಗಳಿಂದ ಶಬ್ದ ಹೊರಡಿಸಿ ಇದನ್ನು ಅಳೆಯುತ್ತಾರೆ. ಗೇಮ್‌ನಲ್ಲಿ ಎದುರಾಳಿಯ ಹೆಜ್ಜೆಸಪ್ಪಳ ಬಲ ಹಿಂಬದಿಯಿಂದ ಬರಬೇಕಾದರೆ, ಆ ದಿಕ್ಕಿನ ಎಚ್‌ಆರ್‌ಟಿಎಫ್ ಅನ್ನು ಸಪ್ಪಳಕ್ಕೆ ಅನ್ವಯಿಸಿ ಎರಡು ಕಿವಿಗಳಿಗೂ ಪ್ರತ್ಯೇಕ ಸಂಕೇತಗಳನ್ನು ಸಿದ್ಧಪಡಿಸಲಾಗುತ್ತದೆ.

ಈ ಕೆಲಸ ಎರಡು ಬಗೆಗಳಲ್ಲಿ ನಡೆಯುತ್ತದೆ.

ವಾಹಿನಿ ಆಧಾರಿತ ವಿಧಾನದಲ್ಲಿ ಗೇಮ್ ತನ್ನ ಧ್ವನಿಯನ್ನು 5.1 ಅಥವಾ 7.1 ವಾಹಿನಿಗಳಾಗಿ ಹಂಚಿ ಕೊಡುತ್ತದೆ. ಸಂಸ್ಕರಣಾ ತಂತ್ರಾಂಶವು ಆ ಧ್ವನಿವರ್ಧಕಗಳು ಕೇಳುಗನ ಸುತ್ತ ಗೊತ್ತಾದ ಸ್ಥಾನಗಳಲ್ಲಿ ಇವೆಯೆಂದು ಭಾವಿಸಿ ಎರಡು ಕಿವಿಗಳಿಗೆ ಇಳಿಸುತ್ತದೆ. 7.1ರಲ್ಲಿ ಏಳು ದಿಕ್ಕುಗಳು ಮಾತ್ರ ಇರುತ್ತವೆ. ಎತ್ತರದ ಮಾಹಿತಿ ಇರುವುದಿಲ್ಲ.

ವಸ್ತು ಆಧಾರಿತ ವಿಧಾನದಲ್ಲಿ ಪ್ರತಿಯೊಂದು ಶಬ್ದವೂ ತನ್ನ ನಿಖರ ಸ್ಥಾನದ ಮಾಹಿತಿಯೊಂದಿಗೆ ಸಂಸ್ಕರಣೆಗೆ ಒಳಗಾಗುತ್ತದೆ. ಮೇಲಂತಸ್ತಿನ ಹೆಜ್ಜೆಯನ್ನೂ ಕೆಳಗಿನ ಹೆಜ್ಜೆಯನ್ನೂ ಪ್ರತ್ಯೇಕಿಸುವ ಅವಕಾಶ ಇಲ್ಲಿದೆ.

ಗೇಮ್ ಕೊಡುವುದು ಸಾಮಾನ್ಯ ಸ್ಟೀರಿಯೊ ಧ್ವನಿ ಮಾತ್ರವಾಗಿದ್ದರೆ ಹಿಂಬದಿಯ ಮಾಹಿತಿಯೇ ಅದರಲ್ಲಿ ಇರುವುದಿಲ್ಲ. ಆಗ ಹೆಡ್‌ಸೆಟ್‌ನ ಸರೌಂಡ್ ಗುಂಡಿ ಒತ್ತಿದರೆ ಕೋಣೆಯ ಮಾರ್ದನಿಯಂತಹ ಪರಿಣಾಮ ಸೇರುತ್ತದೆಯೇ ಹೊರತು ಹೊಸ ದಿಕ್ಕು ದೊರೆಯುವುದಿಲ್ಲ.

ಇತಿಹಾಸ

ಹೆಡ್‌ಫೋನ್ ಮೂಲಕ ಬಾಹ್ಯ ಶಬ್ದವನ್ನು ಅನುಕರಿಸಬಹುದೆಂದು ಅಮೆರಿಕದ ಸಂಶೋಧಕರಾದ ಫ್ರೆಡ್ರಿಕ್ ವೈಟ್‌ಮನ್ ಮತ್ತು ಡೊರಿಸ್ ಕಿಸ್ಲರ್ 1989ರಲ್ಲಿ ತೋರಿಸಿದರು. ಅವರು ಪ್ರತಿಯೊಬ್ಬ ಕೇಳುಗನ ಕಿವಿಯನ್ನೂ ಅಳೆದು ಅದೇ ಅಳತೆಯನ್ನು ಅವನಿಗೆ ಬಳಸಿದ್ದರು. 1993ರಲ್ಲಿ ಎಲಿಜಬೆತ್ ವೆಂಜೆಲ್ ಮತ್ತು ಸಂಗಡಿಗರು ಬೇರೊಬ್ಬರ ಕಿವಿಯ ಅಳತೆಗಳನ್ನು ಬಳಸಿ ಪರೀಕ್ಷಿಸಿದಾಗ, ಎಡ-ಬಲಗಳ ಗ್ರಹಿಕೆ ಬಹುಮಟ್ಟಿಗೆ ಉಳಿದರೂ ಮುಂದಿನದನ್ನು ಹಿಂದಿನದೆಂದು ಭ್ರಮಿಸುವುದು ಹೆಚ್ಚಾಯಿತು. 1994ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್, ಕೆಮಾರ್ ಎಂಬ ಕೃತಕ ತಲೆಯ ಮೇಲೆ ಮಾಡಿದ ಅಳತೆಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿತು.

1990ರ ದಶಕದ ಕೊನೆಯಲ್ಲಿ ಆರಿಯಲ್ ಕಂಪನಿಯ ಎ3ಡಿ ತಂತ್ರವು ಕಂಪ್ಯೂಟರ್ ಗೇಮ್‌ಗಳಿಗೆ ಮೂರು ಆಯಾಮದ ಧ್ವನಿಯನ್ನು ತಂದಿತು. ಆ ಕಂಪನಿ ದಿವಾಳಿಯಾದ ಬಳಿಕ ಅದರ ಸ್ವತ್ತು ಪ್ರತಿಸ್ಪರ್ಧಿಯಾದ ಕ್ರಿಯೇಟಿವ್ ಸಂಸ್ಥೆಯ ಪಾಲಾಯಿತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ, ಸೌಂಡ್ ಕಾರ್ಡ್‌ಗಳು ಡೈರೆಕ್ಟ್‌ಸೌಂಡ್ ಮೂಲಕ ನೇರವಾಗಿ ಇಂತಹ ಸಂಸ್ಕರಣೆ ನಡೆಸುವ ವ್ಯವಸ್ಥೆಯನ್ನು ಕೈಬಿಟ್ಟಿತು. ಅನಂತರದ ವರ್ಷಗಳಲ್ಲಿ ಡಾಲ್ಬಿ ಹೆಡ್‌ಫೋನ್, ಡಿಟಿಎಸ್ ಹೆಡ್‌ಫೋನ್:ಎಕ್ಸ್ ಮೊದಲಾದ ವಾಹಿನಿ ಆಧಾರಿತ ತಂತ್ರಗಳು ಹೆಡ್‌ಸೆಟ್‌ಗಳಲ್ಲಿ ಹರಡಿದವು. ಒಂದೊಂದು ಕಿವಿಗೆ ಐದೈದು ಡ್ರೈವರ್‌ಗಳಿದ್ದ ರೇಜರ್ ಟಿಯಾಮ್ಯಾಟ್ 7.1ರಂತಹ 'ನಿಜವಾದ' ಸರೌಂಡ್ ಹೆಡ್‌ಸೆಟ್‌ಗಳೂ ಬಂದವು. ಎಲ್ಲ ಡ್ರೈವರ್‌ಗಳೂ ಕಿವಿಯ ಪಕ್ಕದಲ್ಲೇ ಇರುವುದರಿಂದ ದೂರದ ಅನುಭವ ಕೊಡುವುದು ಕಷ್ಟವಾಗಿ, ಈ ಬಗೆ ಮಾರುಕಟ್ಟೆಯಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.

2017ರಲ್ಲಿ ವಿಂಡೋಸ್ 10ಕ್ಕೆ ವಿಂಡೋಸ್ ಸೋನಿಕ್ ಉಚಿತವಾಗಿಯೂ, ಡಾಲ್ಬಿ ಅಟ್ಮಾಸ್ ಫಾರ್ ಹೆಡ್‌ಫೋನ್ಸ್ ಶುಲ್ಕಸಹಿತವಾಗಿಯೂ ಲಭ್ಯವಾದವು. ಅದೇ ವರ್ಷ ವಾಲ್ವ್ ಸಂಸ್ಥೆ ಗೇಮ್ ತಯಾರಕರಿಗಾಗಿ ಸ್ಟೀಮ್ ಆಡಿಯೊವನ್ನು ಬಿಡುಗಡೆ ಮಾಡಿತು. 2020ರಲ್ಲಿ ಬಂದ ಪ್ಲೇಸ್ಟೇಷನ್ 5, ಟೆಂಪೆಸ್ಟ್ ಎಂಬ ತನ್ನದೇ ಧ್ವನಿಯಂತ್ರವನ್ನು ಒಳಗೊಂಡಿತ್ತು. ಸಾಮಾನ್ಯ ಹೆಡ್‌ಫೋನ್ ಹಾಕಿಕೊಂಡವರಿಗೂ ಅದು ಕೆಲಸ ಮಾಡುತ್ತದೆ. ತನಗೆ ಹೊಂದುವ ಮಾದರಿಯನ್ನು ಐದರಲ್ಲಿ ಆರಿಸಿಕೊಳ್ಳುವ ಅವಕಾಶವನ್ನು ಅದು ಬಳಕೆದಾರನಿಗೆ ಕೊಟ್ಟಿತು.

ನಿಸ್ತಂತು ಹೆಡ್‌ಸೆಟ್‌ಗಳು

ಗೇಮ್‌ಗಳಿಗೆಂದು ಬರುವ ಹೆಚ್ಚಿನ ಬೆಲೆಯ ನಿಸ್ತಂತು ಹೆಡ್‌ಸೆಟ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಆವರ್ತನದ ಯುಎಸ್‌ಬಿ ಗ್ರಾಹಕವನ್ನು ಬಳಸುತ್ತವೆ. ಎಸ್‌ಬಿಸಿ ಸಂಕೇತನ ಬಳಸುವ ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಧ್ವನಿ 100 ಮಿಲಿಸೆಕೆಂಡ್‌ಗಿಂತ ಹೆಚ್ಚು ತಡವಾಗಿ ತಲುಪುವುದು ಸಾಮಾನ್ಯ. ಗೇಮ್‌ಗಳಿಗೆ ರೂಪಿಸಿದ 2.4 ಗಿಗಾಹರ್ಟ್ಸ್ ಸಂಪರ್ಕದಲ್ಲಿ ಈ ವಿಳಂಬ ಕೆಲವೇ ಹತ್ತು ಮಿಲಿಸೆಕೆಂಡ್‌ಗಳಷ್ಟು. ಸಾಂಪ್ರದಾಯಿಕ ಬ್ಲೂಟೂತ್‌ಗೆ ಇನ್ನೊಂದು ಮಿತಿಯಿದೆ. ಮೈಕ್ರೊಫೋನ್ ಬಳಸತೊಡಗಿದೊಡನೆ ಅದು ದೂರವಾಣಿ ಸಂಭಾಷಣೆಯ ವಿಧಾನಕ್ಕೆ ಬದಲಾಗಿ, ಧ್ವನಿಯು ಒಂದೇ ವಾಹಿನಿಗೆ ಇಳಿಯುತ್ತದೆ. ಆಗ ಎಡ-ಬಲದ ಭೇದವೇ ಅಳಿಯುವುದರಿಂದ ಸರೌಂಡ್ ಪರಿಣಾಮಕ್ಕೆ ಆಧಾರವೇ ಇರುವುದಿಲ್ಲ.

2022ರ ಸ್ಟೀಲ್‌ಸೀರೀಸ್ ಆರ್ಕ್ಟಿಸ್ ನೋವಾ ಪ್ರೊ ವೈರ್‌ಲೆಸ್, 2023ರ ಆಡೆಜೆ ಮ್ಯಾಕ್ಸ್‌ವೆಲ್, ಅದೇ ವರ್ಷದ ಲಾಜಿಟೆಕ್ ಜಿ ಪ್ರೊ ಎಕ್ಸ್ 2 ಲೈಟ್‌ಸ್ಪೀಡ್ ಈ ವರ್ಗದ ಪರಿಚಿತ ಮಾದರಿಗಳು. ಇವುಗಳಲ್ಲಿ ಹೆಚ್ಚಿನ ಬೆಲೆಗೆ ಕಾರಣಗಳು ಬೇರೆ ಬೇರೆ: ಮೊದಲನೆಯದರಲ್ಲಿ ಬದಲಿಸಬಹುದಾದ ಎರಡು ಬ್ಯಾಟರಿಗಳು ಮತ್ತು ಶಬ್ದ ನಿವಾರಣೆ, ಎರಡನೆಯದರಲ್ಲಿ 90 ಮಿಲಿಮೀಟರ್‌ನ ಪ್ಲೇನಾರ್ ಮ್ಯಾಗ್ನೆಟಿಕ್ ಡ್ರೈವರ್‌ಗಳು, ಮೂರನೆಯದರಲ್ಲಿ ಗ್ರಾಫೀನ್ ಡ್ರೈವರ್‌ಗಳು.

ತಯಾರಕರ ಸರೌಂಡ್ ಸಂಸ್ಕರಣೆ ಬಹಳ ಸಲ ಹೆಡ್‌ಸೆಟ್‌ನ ಒಳಗೆ ಅಲ್ಲದೆ ಕಂಪ್ಯೂಟರ್‌ನ ತಂತ್ರಾಂಶದಲ್ಲಿ ನಡೆಯುತ್ತದೆ. ಅಂತಹ ಹೆಡ್‌ಸೆಟ್ಟನ್ನು ಗೇಮ್ ಕನ್ಸೋಲ್‌ಗೆ ಜೋಡಿಸಿದಾಗ, ಪೆಟ್ಟಿಗೆಯ ಮೇಲೆ ನಮೂದಿಸಿದ ಈ ವೈಶಿಷ್ಟ್ಯ ದೊರೆಯದೆ ಕನ್ಸೋಲ್‌ನ ಸ್ವಂತ ಸಂಸ್ಕರಣೆಯೇ ಬಳಕೆಯಾಗುತ್ತದೆ.

ಅಭಿಪ್ರಾಯಗಳು

ಪರವಾಗಿ: ಈ ತಂತ್ರವನ್ನು ಮೆಚ್ಚುವವರ ಪ್ರಕಾರ ಧ್ವನಿಯು ತಲೆಯ ಒಳಗೆ ಕೇಳಿಸುವ ಬದಲು ಹೊರಗಿನಿಂದ ಬಂದಂತೆ ತೋರುವುದರಿಂದ ಗೇಮ್‌ನ ಪ್ರಪಂಚ ವಿಶಾಲವಾಗುತ್ತದೆ. ಕಥಾಪ್ರಧಾನ ಗೇಮ್‌ಗಳಲ್ಲಿ ಮತ್ತು ಚಲನಚಿತ್ರಗಳಲ್ಲಿ ಈ ಗುಣಕ್ಕೆ ಹೆಚ್ಚಿನ ಬೆಲೆಯಿದೆ. ಹಿಂಬದಿಯ ಎದುರಾಳಿಯ ಸುಳಿವು ಬೇಗ ಸಿಗುತ್ತದೆಂಬುದು ಇವರ ಇನ್ನೊಂದು ವಾದ.

ವಿರೋಧವಾಗಿ: ಸ್ಪರ್ಧಾತ್ಮಕ ಗೇಮ್‌ಗಳನ್ನು ಆಡುವ ಅನೇಕರು ಇದನ್ನು ಆರಿಸಿಟ್ಟು ಸ್ಟೀರಿಯೊದಲ್ಲೇ ಆಡುತ್ತಾರೆ. ಸಂಸ್ಕರಣೆಯಿಂದ ಧ್ವನಿಯ ಸಹಜ ಬಣ್ಣ ಕೆಡುತ್ತದೆ, ಕೃತಕ ಮಾರ್ದನಿಯಲ್ಲಿ ಸಣ್ಣ ಸಪ್ಪಳಗಳು ಮುಚ್ಚಿಹೋಗುತ್ತವೆ, ಸಂಗೀತ ಟೊಳ್ಳಾಗಿ ಕೇಳಿಸುತ್ತದೆ ಎಂಬುವು ಅವರ ಆಕ್ಷೇಪಗಳು.

ಈ ಭಿನ್ನಮತದ ಮೂಲ 1993ರ ಪ್ರಯೋಗ ತೋರಿಸಿದ ಸಂಗತಿಯಲ್ಲಿದೆ. ಹೆಡ್‌ಸೆಟ್‌ನೊಂದಿಗೆ ಬರುವ ಎಚ್‌ಆರ್‌ಟಿಎಫ್ ಕೃತಕ ತಲೆಯದೋ ಹಲವರ ಸರಾಸರಿಯದೋ ಆಗಿರುತ್ತದೆ. ಅದಕ್ಕೆ ಹತ್ತಿರವಾದ ಕಿವಿಯುಳ್ಳವರಿಗೆ ಪರಿಣಾಮ ಸಹಜವಾಗಿ ಒದಗುತ್ತದೆ. ಉಳಿದವರಿಗೆ ಮುಂದಿನದು ಹಿಂದೆ ಕೇಳಿಸಬಹುದು, ಎತ್ತರದ ಗ್ರಹಿಕೆ ತಪ್ಪಬಹುದು. ಆದುದರಿಂದ ಒಬ್ಬ ವಿಮರ್ಶಕನ ಪ್ರಾಮಾಣಿಕ ಅನುಭವವೂ ಇನ್ನೊಬ್ಬನಿಗೆ ಖಚಿತ ಮಾರ್ಗದರ್ಶಿಯಾಗಲಾರದು.

'ಕೆಲ ದಿನ ಬಳಸಿದರೆ ಒಗ್ಗುತ್ತದೆ' ಎಂಬ ಮಾತಿಗೂ ಆಧಾರವಿದೆ. ನೆದರ್ಲೆಂಡ್ಸ್‌ನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗಿಗಳ ಕಿವಿಯ ಹಾಲೆಗಳಿಗೆ ಅಚ್ಚುಗಳನ್ನು ಅಳವಡಿಸಿ ಅವುಗಳ ಆಕಾರ ಬದಲಿಸಲಾಯಿತು. ಮೊದಲು ಎತ್ತರದ ಗ್ರಹಿಕೆ ಕೆಟ್ಟಿತು. ಕೆಲವು ವಾರಗಳಲ್ಲಿ ಅದು ಮರಳಿ ಬಂದಿತು. ಆದರೆ ಅವರು ಆ ಅಚ್ಚುಗಳನ್ನು ದಿನವಿಡೀ ಧರಿಸಿದ್ದರು. ದಿನಕ್ಕೆ ಒಂದೆರಡು ಗಂಟೆ ಹೆಡ್‌ಸೆಟ್ ಹಾಕುವವರ ಸ್ಥಿತಿ ಇದಕ್ಕೆ ಸಮನಲ್ಲ.

ಎರಡು ಬಾರಿಯ ಸಂಸ್ಕರಣೆ

ಅತೃಪ್ತಿಗೆ ಇನ್ನೊಂದು ಸಾಮಾನ್ಯ ಕಾರಣ ಒಂದೇ ಧ್ವನಿಯನ್ನು ಎರಡು ಸಲ ಸಂಸ್ಕರಿಸುವುದು. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಮುಂತಾದ ಗೇಮ್‌ಗಳಲ್ಲಿ ಎಚ್‌ಆರ್‌ಟಿಎಫ್ ಒಳಗೊಂಡೇ ಇದೆ. ಗೇಮ್ ಪ್ರತಿಯೊಂದು ಶಬ್ದದ ನಿಜವಾದ ಸ್ಥಾನವನ್ನು ಬಲ್ಲದು. ಹೆಡ್‌ಸೆಟ್ ತನಗೆ ಬಂದ ವಾಹಿನಿಗಳನ್ನು ಮಾತ್ರ ಬಲ್ಲದು. ಗೇಮ್ ಈಗಾಗಲೇ ಎರಡು ಕಿವಿಗಳಿಗೆ ಸಿದ್ಧಪಡಿಸಿದ ಧ್ವನಿಯ ಮೇಲೆ ಹೆಡ್‌ಸೆಟ್‌ನ ಸರೌಂಡ್ ಕೂಡ ಸೇರಿದರೆ ದಿಕ್ಕಿನ ಸುಳಿವುಗಳು ಮಸುಕಾಗುತ್ತವೆ. ಗೇಮ್‌ನಲ್ಲಿ ಇಂತಹ ಸೌಲಭ್ಯವಿದ್ದಾಗ ಹೆಡ್‌ಸೆಟ್ ಮತ್ತು ಕಾರ್ಯಾಚರಣ ವ್ಯವಸ್ಥೆಗಳ ಸರೌಂಡ್ ಅನ್ನು ಆರಿಸಿ ಸ್ಟೀರಿಯೊದಲ್ಲಿ ಇಡುವುದು ರೂಢಿಯ ಸಲಹೆ.

ಬೆಲೆಯೊಂದಿಗಿನ ಸಂಬಂಧ

ಸಂಸ್ಕರಣೆಯು ತಂತ್ರಾಂಶದ ಕೆಲಸವಾದುದರಿಂದ ಹೆಡ್‌ಸೆಟ್‌ನ ಬೆಲೆಗೂ ದಿಕ್ಕಿನ ನಿಖರತೆಗೂ ನೇರ ಸಂಬಂಧವಿಲ್ಲ. ಎರಡು ಬದಿಯ ಡ್ರೈವರ್‌ಗಳ ಹೊಂದಿಕೆ, ಹೆಚ್ಚಿನ ಆವರ್ತನಗಳ ಸಮತೋಲನ, ಕಿವಿಮೆತ್ತೆಗಳು ಕೂರುವ ರೀತಿ ಇವು ಸುಳಿವುಗಳನ್ನು ಕೆಡಿಸದೆ ತಲುಪಿಸಲು ಅಗತ್ಯ. ಇವು ಉತ್ತಮವಾಗಿರುವ ಸಾಧಾರಣ ಬೆಲೆಯ ತಂತಿಯುಳ್ಳ ಸ್ಟೀರಿಯೊ ಹೆಡ್‌ಫೋನ್ ಕೂಡ ಈ ಕೆಲಸಕ್ಕೆ ಸಾಲುತ್ತದೆ. ಹೆಚ್ಚಿನ ಬೆಲೆಗೆ ಪ್ರತಿಯಾಗಿ ದೊರೆಯುವುದು ಮುಖ್ಯವಾಗಿ ತಂತಿಯಿಲ್ಲದ ಅನುಕೂಲ, ಬ್ಯಾಟರಿಯ ಬಾಳಿಕೆ, ಮೈಕ್ರೊಫೋನ್ ಮತ್ತು ಧರಿಸುವ ಸೌಖ್ಯ.

ಶ್ರವಣ ಮತ್ತು ದೃಷ್ಟಿ ದೋಷವುಳ್ಳವರು

ದೃಷ್ಟಿ ಇಲ್ಲದ ಆಟಗಾರರಿಗೆ ದಿಕ್ಕಿನ ಧ್ವನಿ ಗೇಮ್ ಆಡುವ ಸಾಧನವೇ ಆಗಿದೆ. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಗೇಮ್‌ನಲ್ಲಿ ಅಂತಹವರಿಗಾಗಿ ಶಬ್ದಸಂಕೇತಗಳನ್ನು ವಿಸ್ತಾರವಾಗಿ ಅಳವಡಿಸಲಾಗಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಒಂದೇ ಕಿವಿ ಕೇಳಿಸುವವರಿಗೆ ವರ್ಚುವಲ್ ಸರೌಂಡ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ. ಎರಡೂ ವಾಹಿನಿಗಳನ್ನು ಒಂದುಗೂಡಿಸುವ ಮೊನೊ ಆಯ್ಕೆಯೂ, ಫೋರ್ಟ್‌ನೈಟ್‌ನಲ್ಲಿರುವಂತೆ ಶಬ್ದದ ದಿಕ್ಕನ್ನು ಪರದೆಯ ಮೇಲೆ ತೋರಿಸುವ ಚಿಹ್ನೆಗಳೂ ಅವರಿಗೆ ನೆರವಾಗುತ್ತವೆ.

ಶ್ರವಣ ಸುರಕ್ಷತೆ

ಸಣ್ಣ ಸಪ್ಪಳಗಳನ್ನು ಹಿಡಿಯುವ ಆಸೆಯಿಂದ ಧ್ವನಿಮಟ್ಟವನ್ನು ಏರಿಸುವ ಅಭ್ಯಾಸವು ಅಪಾಯಕಾರಿ, ಏಕೆಂದರೆ ಅದೇ ಮಟ್ಟದಲ್ಲಿ ಗುಂಡಿನ ಮತ್ತು ಸ್ಫೋಟದ ಶಬ್ದಗಳೂ ಕಿವಿಗೆ ಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳ ಮಾನದಂಡವು ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬಲ್ ಎಂಬ ಮಿತಿಯನ್ನು ಸೂಚಿಸುತ್ತದೆ. ಮಟ್ಟವು 3 ಡೆಸಿಬಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಶಬ್ದದ ಆಘಾತದಿಂದ ಒಳಗಿವಿಯಲ್ಲಿ ನಾಶವಾದ ರೋಮಕೋಶಗಳು ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಹೆಚ್ಚಿನ ಆವರ್ತನಗಳನ್ನು ಕೇಳುವ ಶಕ್ತಿ ಮೊದಲು ಕುಂದುವುದರಿಂದ, ಮುಂದೆ-ಹಿಂದೆ ಮತ್ತು ಮೇಲೆ-ಕೆಳಗೆ ಎಂಬ ಭೇದವನ್ನು ತಿಳಿಸುವ ಸುಳಿವುಗಳೂ ಅದರೊಂದಿಗೆ ನಷ್ಟವಾಗುತ್ತವೆ.